ಗಾಡಿಯ ಮೂತಿ ಉತ್ತರಕ್ಕೆ

ಹಸಿ ಪ್ಲೈವುಡ್ಡಿನ ವಾಸನೆ ನನಗೆ ಇವತ್ತಿಗೂ ಆಗುವುದಿಲ್ಲ. ಮೊನ್ನೆ ಸೈಬರ್‌ಜಯಾದ ನಮ್ಮ ಹೊಸ ಮನೆಗೆ ಅಡುಗೆ ಕಪಾಟು ಕೂರಿಸುವವರು ಬಂದಿದ್ದರು. ಮಳೆಯಲ್ಲಿ ತೊಯ್ದ ಹಲಗೆಯೊಂದನ್ನು ನಡುಮನೆಯ ಗೋಡೆಗೆ ಒರಗಿಸಿಟ್ಟು ಎದುರಿನ ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಗೆ ಚಹಾ ಕುಡಿಯಲು ಹೋದರು. ನಾನು ಅದರ ಪಕ್ಕದಲ್ಲಿ ನಿಲ್ಲಲಾರದೆ ಬಾಲ್ಕನಿಗೆ ಹೋದೆ. ಹೆಂಡತಿ ವಿನುತಾ ಒಳಗಿನಿಂದಲೇ, "ಏನ್ರೀ, ಕ್ಯಾಂಪರ್ ನೆನಪಾಯ್ತಾ?" ಎಂದಳು. ಅವಳಿಗೂ ಅದೇ ವಾಸನೆ ಬಡಿದಿತ್ತು. ಹೂಂ ಎಂದೆ. 

ಆಗ ನಾವು ನಿಲಾಯ್‌ನಲ್ಲಿದ್ದೆವು. ನಾನು ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ವಿನುತಾ ಸೆರೆಂಬಾನ್ ಕಡೆಯ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ಕೊರೋನಾ ಬರುವ ಹಿಂದಿನ ವರ್ಷ ಮಾಂಟ್ ಕಿಯಾರಾದಲ್ಲಿದ್ದ ವಿದೇಶಿ ದಂಪತಿ ಊರಿಗೆ ಮರಳುವಾಗ ಅವರ ಪಿಕಪ್ ಗಾಡಿಯನ್ನು ಕೊಂಡಿದ್ದೆವು. ಗಾಡಿಯ ಬೆನ್ನ ಮೇಲೆ ಒಂದು ಪೆಟ್ಟಿಗೆಮನೆ, ಅದಕ್ಕೇ ಅದು ಕ್ಯಾಂಪರ್. ನಿಂತಲ್ಲಿ ಅದರ ಚಾವಣಿಯನ್ನು ಮೇಲಕ್ಕೆ ತಳ್ಳಿದರೆ ಸುತ್ತ ಕ್ಯಾನ್ವಾಸ್ ಗೋಡೆ ಬಿಚ್ಚಿಕೊಳ್ಳುತ್ತದೆ, ಒಳಗೆ ನೆಟ್ಟಗೆ ನಿಲ್ಲಬಹುದು. ಮಲಗುವುದು ಡ್ರೈವರ್ ತಲೆಯ ಮೇಲೆ ಮುಂದಕ್ಕೆ ಚಾಚಿಕೊಂಡ ಒಂದು ಹಲಗೆಯ ಅಟ್ಟದಲ್ಲಿ. ಕ್ಯಾಮರೂನ್ ಬೆಟ್ಟಕ್ಕೆ ಹೋಗಬೇಕು, ಕುವಾಂತಾನ್ ಕಡಲತಡಿಯಲ್ಲಿ ನಿಲ್ಲಬೇಕು ಎಂದೆಲ್ಲ ಅಂದುಕೊಂಡಿದ್ದೆವು. ಬೆಟ್ಟಕ್ಕೆ ಒಮ್ಮೆ ಹೋಗಿ ಬಂದೆವು, ಅಷ್ಟೇ. ಆಮೇಲೆ ಜಿಲ್ಲೆಯ ಗಡಿಯೇ ನಮ್ಮ ಪಾಲಿಗೆ ದೇಶದ ಗಡಿಯಾಯಿತು.

ನಾನು ಹೇಳುತ್ತಿರುವುದು ಎರಡನೆಯ ವರ್ಷದ ಮಾತು. ಮೊದಲ ವರ್ಷದ ಭಯ ಟಿವಿಯಲ್ಲಿತ್ತು, ಎರಡನೆಯ ವರ್ಷದ್ದು ಮನೆಯ ಗೇಟಿಗೆ ಬಂದು ನಿಂತಿತು. ಎದುರಿನ ಫ್ಲಾಟುಗಳಲ್ಲಿ ನೆರವು ಬೇಡಿ ಬಿಳಿ ಬಟ್ಟೆ ಕಟ್ಟಿದ ಕಿಟಕಿಗಳು ಕಾಣುತ್ತಿದ್ದವು. ವಿನುತಾಳ ವಾರ್ಡಿನಲ್ಲಿ ಖಾಲಿ ಹಾಸಿಗೆಯೇ ಇರಲಿಲ್ಲ. ಮನೆಯಲ್ಲಿ ನನ್ನ ಅಮ್ಮ ಇದ್ದಳು. ಹುಬ್ಬಳ್ಳಿಯಿಂದ ಮೊಮ್ಮಗಳನ್ನು ನೋಡಿ ಹೋಗಲು ಬಂದವಳು ವಿಮಾನ ನಿಂತಿದ್ದರಿಂದ ಇಲ್ಲೇ ಉಳಿದಿದ್ದಳು. ಹರೆಯದಲ್ಲಿ ಬಂದ ಕ್ಷಯ ಅವಳ ಒಂದು ಕಡೆಯ ಶ್ವಾಸಕೋಶವನ್ನು ತಿಂದು ಮುಗಿಸಿತ್ತು. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ವಿನುತಾಗೆ ಲಸಿಕೆ ಆಗಿತ್ತು, ಅಮ್ಮನ ಸರದಿ ಇನ್ನೂ ಬಂದಿರಲಿಲ್ಲ. "ಅತ್ತೆಗೆ ಏನಾದ್ರೂ ತಗುಲಿದ್ರೆ ಅವರಿಗೆ ಉಸಿರಾಡೋಕೆ ಟ್ಯೂಬ್ ಹಾಕೋದು ನಾನೇ ಕಣ್ರೀ. ಹಾಕಿದ್ಮೇಲೆ ಏನಾಗತ್ತೆ ಅಂತ ನಾನು ದಿನಾ ನೋಡ್ತಿದೀನಿ" ಎಂದು ವಿನುತಾ ಒಂದು ದಿನ ನನ್ನೊಬ್ಬನಿಗೇ ಹೇಳಿದಳು. ಮಾರನೆಯ ದಿನದಿಂದ ಅವಳ ವಾಸ ಮನೆಯ ಮುಂದೆ ನಿಂತ ಗಾಡಿಯಲ್ಲಿ. ರಾತ್ರಿ ಪಾಳಿ ಮುಗಿಸಿ ಸಣ್ಣ ಕಾರಿನಲ್ಲಿ ಬರುವಳು, ಪಕ್ಕದ ಓಣಿಯಿಂದ ಹೋಗಿ ಹಿತ್ತಲ ಬಚ್ಚಲಲ್ಲಿ ಸ್ನಾನ ಮಾಡುವಳು, ಗಾಡಿ ಹತ್ತಿ ಹಗಲೆಲ್ಲ ಮಲಗುವಳು. ಏಳು ವರ್ಷದ ಮಗಳು ತನ್ವಿ ಸಂಜೆ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ದೂರದಿಂದಲೇ ಅಮ್ಮನಿಗೆ ಶಾಲೆಯ ವರದಿ ಒಪ್ಪಿಸುವಳು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಾಲ್ಕನೆಯ ದಿನವೋ ಐದನೆಯ ದಿನವೋ ಅಮ್ಮ ಬೆಳಿಗ್ಗೆ ಸೂರ್ಯನಿಗೆ ಕೈಮುಗಿದವಳು ಗಾಡಿಯನ್ನು ನೋಡುತ್ತ ನಿಂತುಬಿಟ್ಟಳು.

"ಆಕಿ ತಲಿ ಯಾವ ಕಡೆ ಇಡ್ತಾಳೋ?"

"ಮೂತಿ ಕಡೆ. ಫ್ಯಾನು ಕಿಟಕಿ ಎಲ್ಲಾ ಅಲ್ಲೇ ಅದಾವಲ್ಲ."

"ಮೂತಿ ಉತ್ತರಕ್ಕ ಅದ."

ಇದ್ದಿತು. ನಮ್ಮ ಮನೆಯ ಮುಖ ದಕ್ಷಿಣಕ್ಕೆ, ಗೇಟಿನಿಂದ ರಸ್ತೆಗೆ ಸಿಮೆಂಟಿನ ಇಳಿಜಾರು. ಗಾಡಿಯನ್ನು ಮನೆಗೆ ಮುಖ ಮಾಡಿ ಏರಿಸಿ ನಿಲ್ಲಿಸಿದ್ದೆ. ನಾನು ಗಣಿತದವನು, ದಿಕ್ಕು ನೋಡಿ ನಿದ್ದೆ ಮಾಡಿದವನಲ್ಲ. ನಕ್ಕೆ. ಅಮ್ಮ ನಗಲಿಲ್ಲ. "ಹೆಣಾ ಮಲಗಸೋ ದಿಕ್ಕು ಅದು. ಆಕಿ ದಿನಾ ಹೋಗೋದರ ಎಂಥಾ ಜಾಗಾಕ್ಕ? ಅಲ್ಲಿಂದ ಬಂದು ಹಿಂಗ ಮಲಗತಾಳಂದ್ರ ನನಗ ಒಂದು ತುತ್ತು ಇಳಿಯಂಗಿಲ್ಲ" ಎಂದಳು. ತಲೆದಿಂಬನ್ನು ಇನ್ನೊಂದು ತುದಿಗೆ ಹಾಕಿಕೊಂಡು ವಿನುತಾ ಒಂದು ದಿನ ಮಲಗಿ ನೋಡಿದಳು. ಪಾದಕ್ಕೆ ತಂಪು, ತಲೆಗೆ ಬೆವರು. ಈ ದೇಶದ ಹಗಲಿನಲ್ಲಿ ಗಾಳಿಯಿಲ್ಲದೆ ಯಾರಿಗೂ ನಿದ್ದೆ ಹತ್ತುವುದಿಲ್ಲ. ಅಡ್ಡಡ್ಡ ಮಲಗಿದರೆ ಕಾಲು ಚಾಚಲು ಜಾಗ ಸಾಲದು. ಕೊನೆಗೆ ವಿನುತಾಳೇ, "ತಿರುಗಿಸಿಬಿಡ್ರೀ, ಅತ್ತೆಗೆ ಸಮಾಧಾನ ಆಗ್ಲಿ. ನಂಗೆ ಯಾವ ಕಡೆಯಾದ್ರೇನು, ನಿದ್ದೆ ಬಂದ್ರೆ ಸಾಕು" ಎಂದಳು. ಗಾಡಿಯನ್ನು ಹೊರತೆಗೆದು ಹಿಮ್ಮುಖವಾಗಿ ಏರಿಸಿದೆ. ಈಗ ಮೂತಿ ರಸ್ತೆಯ ಕಡೆಗೆ, ತಲೆ ದಕ್ಷಿಣಕ್ಕೆ. ಅಮ್ಮ ಅವತ್ತು ಶಾವಿಗೆ ಪಾಯಸ ಮಾಡಿದಳು.

ಆ ತಿಂಗಳುಗಳಲ್ಲಿ ಇಲ್ಲಿ ಕಡಲಾಚೆಯ ಸುಮಾತ್ರಾ ಕಡೆಯಿಂದ ನಸುಕಿನಲ್ಲಿ ಬಿರುಗಾಳಿ ಮಳೆ ನುಗ್ಗುತ್ತದೆ. ಅರ್ಧ ಗಂಟೆ ಮನೆಯ ಹಂಚನ್ನೆಲ್ಲ ಕುಟ್ಟಿ ಹೋದಮೇಲೆ ಏನೂ ಆಗಿಲ್ಲವೆಂಬಂತೆ ಬಿಸಿಲು ಬರುತ್ತದೆ. ಅಂಥ ಮಳೆಗಳು ಎಷ್ಟೋ ಬಂದು ಹೋದವು. ಹಾಸಿಗೆಯ ತುದಿ ತುಸು ತಣ್ಣಗಿದೆ ಎಂದು ವಿನುತಾ ಒಮ್ಮೆ ಹೇಳಿದ್ದಳು. ಬೆವರಿರಬೇಕು ಎಂದುಕೊಂಡು ಅವಳೂ ಬಿಟ್ಟಳು, ನಾನೂ ಬಿಟ್ಟೆ.

ಒಂದು ಬೆಳಿಗ್ಗೆ ನಾನು ಆನ್‌ಲೈನ್ ಪಾಠದ ನಡುವೆ ಇದ್ದಾಗ ಹೊರಗೆ ಕರ್ರೆಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ಗಾಡಿಯ ಹಿಂಬಾಗಿಲಲ್ಲಿ ವಿನುತಾ ಕೂದಲು ಕೆದರಿಕೊಂಡು ನಿಂತಿದ್ದಳು. ಅಟ್ಟದ ಹಲಗೆ ಅವಳ ಹೆಗಲ ಕೆಳಗೇ ಮುರಿದು ಕುಸಿದಿತ್ತು. ಅವಳಿಗೆ ಪೆಟ್ಟಾಗಿರಲಿಲ್ಲ. ನಾನು ಮಾಸ್ಕ್ ಹಾಕಿಕೊಂಡು ಹತ್ತಿ ಹಾಸಿಗೆ ಎತ್ತಿದೆ. ಹಲಗೆಯ ಮುಂದಿನ ಅರ್ಧ ಕಪ್ಪಾಗಿ ಪದರು ಪದರಾಗಿ ಎದ್ದಿತ್ತು. ಬೆರಳಿಟ್ಟರೆ ನೆನೆದ ಬಿಸ್ಕತ್ತಿನ ಹಾಗೆ ಒಳಗಿಳಿಯುತ್ತಿತ್ತು. ಆ ವಾಸನೆ ನನ್ನ ಮೂಗಿಗೆ ಹತ್ತಿದ್ದು ಆಗಲೇ.

ಅಮ್ಮ ಕಿಟಕಿಯಿಂದ, "ಒಳಗ ಬಾರವ್ವ. ನಾ ನನ್ನ ಖೋಲಿ ಬಾಗಲಾ ಹಾಕ್ಕೊಂಡು ಕೂಡ್ತೀನಿ" ಎಂದು ಕರೆದಳು. ವಿನುತಾ ಬೇಡವೆಂದು ತಲೆಯಾಡಿಸಿದಳು. ಆ ದಿನ ಡ್ರೈವರ್ ಸೀಟನ್ನು ಹಿಂದಕ್ಕೆ ಒರಗಿಸಿಕೊಂಡು ಮಲಗಲು ನೋಡಿದಳು. ಸಂಜೆ ಕೆಲಸಕ್ಕೆ ಹೊರಡುವಾಗ ಅವಳ ಕಣ್ಣುಗಳು ಕೆಂಪಾಗಿದ್ದವು. ಕಾರಿನ ಕೀಲಿ ಕೈಜಾರಿ ಎರಡು ಸಲ ಕೆಳಗೆ ಬಿತ್ತು.

"ಹಾಸ್ಟೆಲ್‌ನಲ್ಲಿ ಆಸ್ಪತ್ರೆಯವರು ರೂಮ್ ಕೊಡ್ತೀವಿ ಅಂದಿದಾರೆ. ಬೆಳಿಗ್ಗೆ ಬಂದು ಬಟ್ಟೆ ತಗೊಂಡು ಹೋಗ್ತೀನಿ" ಎಂದಳು.

"ಎಷ್ಟು ದಿವಸಕ್ಕೆ?"

"ಅಲೆ ಇಳಿಯೋವರೆಗೆ. ಒಂದ್ಸಲ ಅಲ್ಲಿ ಸೇರಿದ್ರೆ ಮಧ್ಯ ಬರೋಕೆ ಬಿಡಲ್ಲ. ನಿದ್ದೆ ಇಲ್ದೆ ನಾನು ಇನ್ನೊಂದು ರಾತ್ರಿ ಯಾರ ಗಂಟಲಿಗೂ ಟ್ಯೂಬ್ ಹಾಕಲಾರೆ. ತಪ್ಪಿದ್ರೆ ಜೀವ ಹೋಗತ್ತೆ."

ಜಗಲಿಯ ಕುರ್ಚಿಯಲ್ಲಿದ್ದ ತನ್ವಿ ಇದನ್ನು ಕೇಳಿಸಿಕೊಂಡಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಲ್ಲಿ ಮಾತ್ರ ಬರುವುದಿಲ್ಲ. "ನೋ ಲಾ. ಅಪ್ಪಾ ವಿಲ್ ಫಿಕ್ಸ್ ಇಟ್" ಎಂದು ಇಲ್ಲಿಯ ಮಕ್ಕಳ ಇಂಗ್ಲಿಷಿನಲ್ಲಿ ಹೇಳಿದಳು. ವಿನುತಾ ನನ್ನ ಮುಖ ನೋಡಿದಳು. ಬೆಳಿಗ್ಗೆ ನೀನು ಬರುವಷ್ಟರಲ್ಲಿ ಆಗಿರುತ್ತದೆ ಎಂದುಬಿಟ್ಟೆ. ಆ ಮಾತು ಬಾಯಿಂದ ಹೊರಟಾಗ ನನ್ನ ಹತ್ತಿರ ಒಂದು ಮೊಳೆಯೂ ಇರಲಿಲ್ಲ.

ಹತ್ತಿರದ ಹಾರ್ಡ್‌ವೇರ್ ಅಂಗಡಿಯವನು ಸ್ವತಃ ಕ್ವಾರಂಟೈನಿನಲ್ಲಿದ್ದ. ದೂರದ್ದಕ್ಕೆ ಹೋಗಲು ರಸ್ತೆಯಲ್ಲಿ ಪೊಲೀಸರ ತಡೆ. ಮರದ ಹಲಗೆ ಎಲ್ಲಿಂದ ತರುವುದು ಎಂದು ಮನೆಯೆಲ್ಲ ಸುತ್ತಿದೆ. ಮಲಗುವ ಕೋಣೆಯಲ್ಲಿ ನಮ್ಮಿಬ್ಬರ ದೊಡ್ಡ ಮಂಚ ಕಣ್ಣಿಗೆ ಬಿತ್ತು. ಹಾಸಿಗೆ ತಳ್ಳಿದೆ. ಕೆಳಗೆ ಒಳ್ಳೆಯ ದಪ್ಪ ಪ್ಲೈವುಡ್, ಒಂದೇ ಹಾಳೆ. ಅದನ್ನು ಬಿಚ್ಚತೊಡಗಿದೆ. ಅವಳು ಗಾಡಿಗೆ ಹೋದಮೇಲೆ ಆ ಮಂಚದಲ್ಲಿ ನಾನು ನನ್ನ ಕಡೆಯ ಅಂಚಿನಲ್ಲೇ ಮಲಗುತ್ತಿದ್ದೆ.

ಪಕ್ಕದ ಮನೆಯ ಷಣ್ಮುಗಂ ಅಂಕಲ್ ಗೋಡೆಯ ಮೇಲಿನಿಂದ ವಿದ್ಯುತ್ ಗರಗಸವನ್ನೂ ಒಂದು ಡಬ್ಬಿ ಸ್ಕ್ರೂಗಳನ್ನೂ ಕೊಟ್ಟರು. ಕೊಡುವ ಮೊದಲು ಎರಡಕ್ಕೂ ಸ್ಯಾನಿಟೈಸರ್ ಸುರಿದರು. ಇಲ್ಲಿ ಹುಟ್ಟಿ ಬೆಳೆದ ತಮಿಳರು, ಬಾಯಿ ತುಂಬ ಮಾತು. "ಪ್ರೊಫೆಸರ್, ಬಿಗ್ ಬಿಗ್ ಕ್ಯಾಲ್ಕುಲಸ್ ಎಲ್ಲಾಮ್ ಕ್ಯಾನ್, ಸಿಂಪಲ್ ಕಟ್ಟಿಲ್ ಕ್ಯಾನ್ನಾಟ್ ಆಹ್?" ಎಂದು, ಇಷ್ಟು ಲೆಕ್ಕ ಬಲ್ಲವನಿಗೆ ಒಂದು ಮಂಚ ಬಾರದೇ ಎಂದು ಛೇಡಿಸುತ್ತ, ಗೋಡೆಗೆ ಮೊಣಕೈ ಊರಿ ನಿಂತರು. ಅವರ ಸ್ಕ್ರೂಗಳಲ್ಲಿ ಅರ್ಧ ಮೋಟು, ಇನ್ನರ್ಧ ತುಕ್ಕು. ಆದರೂ ಆ ಹೊತ್ತಿಗೆ ಅವರೇ ನನಗೆ ದೇವರು.

ಮುರಿದ ಹಲಗೆಯನ್ನು ಬಿಚ್ಚಲೇ ಸಂಜೆ ಬಹುಪಾಲು ಹೋಯಿತು. ಅದರ ತುಂಡುಗಳನ್ನು ನೆಲದ ಮೇಲೆ ಜೋಡಿಸಿ, ಮೇಲೆ ಮಂಚದ ಹಲಗೆಯಿಟ್ಟು ಗೆರೆ ಎಳೆದು ಕೊಯ್ದೆ. ಗೆರೆ ಬಿಟ್ಟು ಒಂದು ಕೂದಲೂ ಆಚೀಚೆ ಆಗಲಿಲ್ಲ. ಬೆನ್ನು ತಟ್ಟಿಕೊಳ್ಳುತ್ತ ಹಲಗೆ ಹೊತ್ತು ಗಾಡಿಯ ಬಾಗಿಲಿಗೆ ಹೋದೆ. ಬಾಗಿಲಲ್ಲಿ ಅದು ಒಳಗೆ ಹೋಗಲಿಲ್ಲ. ಉದ್ದಕ್ಕೆ ಹಿಡಿದೆ, ಓರೆ ಮಾಡಿದೆ, ಕ್ಯಾನ್ವಾಸ್ ಕಡೆಯಿಂದ ತೂರಿಸಲು ನೋಡಿದೆ. ಪೆಟ್ಟಿಗೆಮನೆ ಕಟ್ಟುವಾಗಲೇ ಆ ಅಟ್ಟವನ್ನು ಒಳಗಿಟ್ಟು ಆಮೇಲೆ ಗೋಡೆ ನಿಲ್ಲಿಸಿದ್ದಿರಬೇಕು. ಅಷ್ಟು ಚೆಂದ ಕೊಯ್ದ ಹಲಗೆಯನ್ನು ನಡುವೆ ಎರಡು ಮಾಡದೆ ಬೇರೆ ದಾರಿಯಿರಲಿಲ್ಲ. ಎರಡು ಮಾಡಿದರೆ ಅವು ಸೇರುವ ಜಾಗ ಸರಿಯಾಗಿ ಅವಳ ಸೊಂಟದ ಕೆಳಗೆ ಬರುತ್ತಿತ್ತು. ಅಲ್ಲೇ ಮತ್ತೆ ಮುರಿದರೆ ಎಂದು ಯೋಚಿಸುತ್ತ ಗರಗಸ ಹಿಡಿದುಕೊಂಡು ಸುಮ್ಮನೆ ಕುಳಿತಿದ್ದೆ. ಅಷ್ಟರಲ್ಲಿ ಬೆಳಕು ಹೋಯಿತು. ಕತ್ತಲಾದ ಮೇಲೆ ಗರಗಸ ಆಡಿಸಿದರೆ ಬೀದಿಯವರು ಬೈಯುತ್ತಾರೆ ಎಂದು ಷಣ್ಮುಗಂ ಅಂಕಲ್ ಎಚ್ಚರಿಸಿದರು. ಹಲಗೆಯ ಅಂಚುಗಳಿಗೆ ಗೇಟಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣ ಬಳಿದು ಒಣಗಲು ಬಿಟ್ಟೆ.

ನಸುಕಿಗೇ ಎದ್ದು ಹಲಗೆಯನ್ನು ನಡುವೆ ಕೊಯ್ದೆ. ಬೀದಿ ಬೈದರೆ ಬೈಯಲಿ ಎನಿಸಿತ್ತು. ಎರಡು ತುಂಡನ್ನೂ ಒಳಗೆ ಒಯ್ದು ಸೇರಿಸಿದೆ, ಸೇರಿದ ಕಡೆ ಕೆಳಗಿನಿಂದ ಮಂಚದ ಅಡ್ಡಪಟ್ಟಿಯೊಂದನ್ನು ಕೊಟ್ಟು ಸ್ಕ್ರೂ ತಿರುಗಿಸತೊಡಗಿದೆ. ನಾಲ್ಕೈದು ಸ್ಕ್ರೂ ಕೂತಿರಬೇಕು, ಆಕಾಶ ಕಪ್ಪಾಯಿತು. ಮರಗಳು ಒಂದೇ ಕಡೆಗೆ ಬಾಗಿದವು. ಸುಮಾತ್ರಾದ ಮಳೆ ಬಂದೇಬಿಟ್ಟಿತು. ಚಾವಣಿ ಇಳಿಸಿದರೆ ಅಟ್ಟದಲ್ಲಿ ಕೆಲಸ ಸಾಗದು, ಎತ್ತಿಟ್ಟರೆ ಗಾಳಿ ಕ್ಯಾನ್ವಾಸನ್ನು ಹರಿಯುತ್ತದೆ. ಎತ್ತಿಟ್ಟೇ ಉಳಿದೆ. ಇಡೀ ಗಾಡಿ ಅಲ್ಲಾಡುತ್ತಿತ್ತು. ಒಂದು ಕೈಯಲ್ಲಿ ಚಾವಣಿಯ ಸರಳು ಹಿಡಿದು ಇನ್ನೊಂದು ಕೈಯಲ್ಲಿ ಟಾರ್ಚ್ ಹಿಡಿದೆ.

ಆಗ ನೋಡಿದೆ. ಚಾವಣಿಯ ನೀರೆಲ್ಲ ಇಳಿಜಾರಿನ ಕಡೆಗೆ, ಅಂದರೆ ಮೂತಿಯ ಕಡೆಗೆ ಹರಿದು ಮುಂದಿನ ಸಂದಿನಲ್ಲಿ ನಿಲ್ಲುತ್ತಿತ್ತು. ಅಲ್ಲಿಂದ ಒಂದೊಂದೇ ಹನಿ ಅಟ್ಟದ ಮುಂಚಾಚಿಗೆ, ನನ್ನ ಹೊಸ ಹಲಗೆಯ ಮೇಲೆ ಬೀಳುತ್ತಿತ್ತು. ಮೊದಲು ಗಾಡಿ ಮನೆಗೆ ಮುಖ ಮಾಡಿ ನಿಂತಾಗ ಮೂತಿ ಎತ್ತರದಲ್ಲಿತ್ತು, ನೀರು ಹಿಂದಕ್ಕೆ ಹರಿದು ರಸ್ತೆಗೆ ಬೀಳುತ್ತಿತ್ತು. ತಲೆ ದಕ್ಷಿಣಕ್ಕಾಗಲಿ ಎಂದು ತಿರುಗಿಸಿದ ದಿನದಿಂದ ನಾವೇ ಆ ಹಲಗೆಗೆ ನೀರು ಕುಡಿಸಿದ್ದೆವು. ಸಂದಿಗೆ ತುಂಬುವ ಅಂಟು ಊರಲ್ಲೆಲ್ಲೂ ಸಿಗುವಂತಿರಲಿಲ್ಲ. ಚಕ್ರದಡಿ ಇಟ್ಟಿಗೆಯಿಟ್ಟು ಸಮ ಮಾಡುವಷ್ಟು ಸಣ್ಣ ಇಳಿಜಾರೂ ಅದಲ್ಲ. ಗಾಡಿಯನ್ನು ಮೊದಲಿನ ಹಾಗೆ ತಿರುಗಿಸಿದರೆ ಮಾತ್ರ ಈ ಹಲಗೆ ಉಳಿಯುತ್ತದೆ. ತಿರುಗಿಸಿದರೆ ಅಮ್ಮ ಅನ್ನ ಬಿಡುತ್ತಾಳೆ. ಅವಳಿಗೆ ಈ ವಿಷಯ ಹೇಗೆ ಹೇಳುವುದೆಂದು ನನಗೆ ತಿಳಿಯಲಿಲ್ಲ. ಭಯವಾಯಿತು.

ಮಳೆ ನಿಂತಿತು. ಉಳಿದ ಸ್ಕ್ರೂ ಬಿಗಿದು ಹಲಗೆ ಒರೆಸಿ ಹೊರಗಿಳಿದರೆ ಅಮ್ಮ ತನ್ನ ಕೋಣೆಯ ಕಿಟಕಿಯಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನೀರೆಲ್ಲಾ ಮೂತಿ ಕಡೆನ ಹರೀತದ" ಎಂದಳು.

"ಹರೀಲಿ ಬಿಡು. ಒರೆಸೇನಿ."

"ಗಾಡಿ ಹೊಳ್ಳಿಸಿದ್ದಕ್ಕ ಹಿಂಗಾತೇನು?"

"ಇಲ್ಲವಾ. ಹಳೇ ಹಲಗಿ ಅದು. ಹ್ಯಾಂಗಿದ್ರೂ ಮುರೀತಿತ್ತು."

"ಸುಳ್ಳ ಹೇಳಬ್ಯಾಡ. ಸಣ್ಣಾಂವ ಇದ್ದಾಗೂ ನಿನಗ ಸುಳ್ಳ ಹೇಳಾಕ ಬರತಿದ್ದಿಲ್ಲ." ಅವಳು ಕಿಟಕಿಯ ಸರಳು ಹಿಡಿದು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. ಗಾಡಿಯನ್ನೇ ನೋಡುತ್ತಿದ್ದಳು. ಆಮೇಲೆ, "ಹೊಳ್ಳಸು" ಎಂದಳು.

"ತಲಿ ಉತ್ತರಕ್ಕ ಬರ್ತದವಾ."

"ನನಗ ದಿಕ್ಕು ಹೇಳಿ ಕೊಡ್ತೀಯೇನು? ಆಕಿ ಬರೋ ಹೊತ್ತಾತು, ಹೊಳ್ಳಸು."

ನಾನು ಇದನ್ನೆಲ್ಲ ನಂಬುವವನಲ್ಲ. ಆದರೂ ಗಾಡಿಯನ್ನು ರಸ್ತೆಗೆ ತಂದು ಮನೆಯ ಕಡೆಗೆ ತಿರುಗಿಸುವಾಗ ನಡುವೆ ಒಮ್ಮೆ ಬ್ರೇಕ್ ಒತ್ತಿದೆ. ನಾಳೆ ಏನಾದರೂ ಆದರೆ ಈ ತಿರುವು ನನಗೆ ಜೀವನವಿಡೀ ನೆನಪಿರುತ್ತದೆ ಎನಿಸಿತು. ಏರಿಸಿ ನಿಲ್ಲಿಸಿದೆ, ಚಾವಣಿ ಎತ್ತಿದೆ, ಹಾಸಿಗೆ ಹಾಸಿದೆ. ನಾನೇ ಮಲಗಿ ಹೊರಳಾಡಿ ನೋಡಿದೆ. ಸೇರಿಸಿದ ಜಾಗ ಒಂದಿಷ್ಟು ಕಿರ್ ಎಂದಿತು, ಆದರೆ ತಡೆಯಿತು. ಮೂತಿಯ ಸಣ್ಣ ಕಿಟಕಿಯ ಜಾಲರಿಯಿಂದ ನೇರ ಅಮ್ಮನ ಕಿಟಕಿ ಕಾಣುತ್ತಿತ್ತು.

ಕೆಳಗಿಳಿಯುವಷ್ಟರಲ್ಲಿ ವಿನುತಾಳ ಕಾರು ಬಂದು ನಿಂತಿತು. ಅವಳು ಇಳಿಯಲಿಲ್ಲ, ಗಾಜು ಇಳಿಸಿ ಗಾಡಿಯನ್ನು ನೋಡಿದಳು.

"ತಿರುಗಿಸಿದ್ದೀರಾ? ಅತ್ತೆ?"

"ಅಮ್ಮಂದೇ ಆರ್ಡರ್."

ಅವಳು ಅಮ್ಮನ ಕೋಣೆಯ ಕಿಟಕಿಯ ಕಡೆ ತಿರುಗಿದಳು. ಅಮ್ಮ ಅಲ್ಲಿರಲಿಲ್ಲ. ವಿನುತಾ ಸ್ನಾನ ಮಾಡಿ ಬಂದು ಗಾಡಿ ಹತ್ತಿದಳು. ಹಲಗೆಯ ಹಸಿರು ಅಂಚಿನ ಮೇಲೆ ಕೈಯಾಡಿಸಿ, "ಇದು ನಮ್ಮ ಮಂಚ ಅಲ್ವಾ?" ಎಂದಳು. ಉತ್ತರ ಹೇಳುವ ಮೊದಲೇ ಮಲಗಿದಳು. ಹಾಸ್ಟೆಲಿನ ಮಾತು ಬರಲಿಲ್ಲ. ಒಂದು ಕೈ ಅಟ್ಟದಿಂದ ಕೆಳಕ್ಕೆ ಇಳಿಬಿದ್ದದ್ದು ಹಾಗೆಯೇ ಉಳಿಯಿತು. ಜಗಲಿಯಲ್ಲಿ ತನ್ವಿ ಬಾಯಿಗೆ ಬೆರಳಿಟ್ಟು ನನಗೆ ಸದ್ದು ಮಾಡಬೇಡ ಎಂದಳು. ನನಗೆ ಅಳು ಬಂತು. ಒಳಗೆ ಹೋಗಿ ಮುಖ ತೊಳೆದುಕೊಂಡೆ.

ಅಮ್ಮನಿಗೆ ಚಹಾ ಮಾಡಿ ಅವಳ ಕೋಣೆಗೆ ಒಯ್ದೆ. ಅವಳು ಮಂಚದ ಮೇಲೆ ಮಂಡಿಯೂರಿ ಹಾಸಿಗೆ ಸರಿಮಾಡುತ್ತಿದ್ದಳು. ಬಂದಂದಿನಿಂದ ಕಿಟಕಿಯ ಕಡೆ, ದಕ್ಷಿಣಕ್ಕೆ ಇದ್ದ ಅವಳ ದಿಂಬು ಈಗ ಈಚೆಯ ತುದಿಯಲ್ಲಿತ್ತು. ಈಚೆಯ ತುದಿ ಉತ್ತರ.

"ಇದೇನವಾ?"

"ಹಿಂಗ ಮಲಗಿದ್ರ ಇಲ್ಲಿಂದ ಆಕಿ ಕಿಟಕಿ ಕಾಣಸ್ತದ" ಎಂದಳು. ನಾನು ಲೋಟ ಹಿಡಿದು ನಿಂತೇ ಇದ್ದೆ. ಅವಳು ದಿಂಬಿನ ಗಲೀಫು ಎಳೆದು ನೇರ ಮಾಡಿದಳು. "ಒಯ್ಯಾಕ ಬರೋರು ಬಂದ್ರ ಮೊದಲ ಮನ್ಯಾಗ ಈ ತಲಿ ನೋಡಲಿ. ಆಕಿಗೆ ಇನ್ನೂ ಭಾಳ ಕೆಲಸ ಅದಾವ. ಚಾ ಆರ್ತದ, ಕೊಡಿಲ್ಲೆ."

ಲೋಟ ಕೊಟ್ಟೆ.  ವಿನುತಾಗೆ ಇದನ್ನು ಆಗ ತಿಳಿಸಲಿಲ್ಲ.

ಮಳೆ ಆಮೇಲೂ ಬಂತು, ಹಲಗೆ ಒಣಗಿಯೇ ಇತ್ತು. ಪ್ರತಿ ಬೆಳಿಗ್ಗೆ ಕಾರಿನ ಸದ್ದು ಕೇಳುವವರೆಗೆ ನನಗೆ ಜೀವ ಕೈಯಲ್ಲಿ ಹಿಡಿದ ಹಾಗೆ. ಅಮ್ಮ ಕೆಮ್ಮಿದರೆ ಸಾಕು, ಪಾಠ ಹೇಳುತ್ತಿದ್ದವನು ಮಾತು ನಿಲ್ಲಿಸಿ ಬಾಗಿಲ ಕಡೆ ಕಿವಿ ಕೊಡುತ್ತಿದ್ದೆ. ದಿನಾ ಹಗಲು ಇಬ್ಬರು ಹೆಂಗಸರು, ಒಬ್ಬಳು ಗಾಡಿಯಲ್ಲಿ ಒಬ್ಬಳು ಮನೆಯಲ್ಲಿ, ಎರಡು ಕಿಟಕಿಗಳ ಆಚೀಚೆ ಒಂದೇ ದಿಕ್ಕಿಗೆ ತಲೆ ಹಾಕಿ ಮಲಗುತ್ತಿದ್ದರು. ಒಬ್ಬಳು ದಣಿದು, ಇನ್ನೊಬ್ಬಳು ಕಾವಲಿಗೆ.

ಅಮ್ಮನಿಗೆ ಎರಡು ಲಸಿಕೆಯೂ ಆಯಿತು. ವಾರ್ಡಿನಲ್ಲಿ ಹಾಸಿಗೆಗಳು ಖಾಲಿಯಾಗತೊಡಗಿದವು. ಒಂದು ಬೆಳಿಗ್ಗೆ ವಿನುತಾ ಹಿತ್ತಲಿಗೆ ಹೋಗದೆ ಮುಂಬಾಗಿಲಿನಿಂದಲೇ ಒಳಗೆ ಬಂದಳು. ತನ್ವಿ ಅವಳ ಕುತ್ತಿಗೆ ಬಿಡಲಿಲ್ಲ. ಮಂಚಕ್ಕೆ ಹಲಗೆಯಿಲ್ಲದ್ದರಿಂದ ನೆಲದ ಮೇಲೆ ಹಾಸಿದ್ದೆ. ಅಮ್ಮ ತಾನೇ ಬಂದು ಅವಳ ದಿಂಬನ್ನು ಪೂರ್ವಕ್ಕೆ ಇಟ್ಟು, "ಮಲಗವ್ವ" ಎಂದು ಬಾಗಿಲೆಳೆದು ಹೋದಳು. ಮಧ್ಯಾಹ್ನ ಊಟಕ್ಕೆ ಕರೆಯಲು ನಾನು ಅಮ್ಮನ ಕೋಣೆಗೆ ಹೋದೆ. ಅವಳು ಗೊರಕೆ ಹೊಡೆಯುತ್ತಿದ್ದಳು. ದಿಂಬು ಕಿಟಕಿಯ ಕಡೆಗೆ, ದಕ್ಷಿಣಕ್ಕೆ, ಮರಳಿ ಬಂದಿತ್ತು.